ಬೆಳಗಿನ ಚಳಿಗೆ ಹಿಡಿಯದ ಡೀಸೆಲ್ ಲಾರಿ: ಪಂಪ್ ಬಿಚ್ಚುವ ಮೊದಲು ಹೊಗೆ ನೋಡಿ

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್ ಲಾರಿ, ಎಂಟು ವರ್ಷ ಹಳೆಯದು. ಚಳಿ ಶುರುವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡುವುದೇ ಹರಸಾಹಸವಾಗಿದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸೈಲೆನ್ಸರಿನಿಂದ ದಟ್ಟವಾಗಿ ಬಿಳಿ ಹೊಗೆ ಬರುತ್ತದೆ, ಆದರೆ ಎಂಜಿನ್ ಹಿಡಿಯುವುದಿಲ್ಲ. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ನಡುಗುತ್ತಾ ಸ್ಟಾರ್ಟ್ ಆಗಿ, ಎರಡು ಮೂರು ನಿಮಿಷ ಮಿಸ್ ಹೊಡೆದು, ನಂತರ ಸರಿಹೋಗುತ್ತದೆ. ಆಮೇಲೆ ದಿನವಿಡೀ ಕೀಲಿ ತಿರುಗಿಸಿದರೆ ಸಾಕು. ಹೊಸ ಬ್ಯಾಟರಿ ಹಾಕಿಸಿದೆ, ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಈಗ ಮೆಕ್ಯಾನಿಕ್ ಡೀಸೆಲ್ ಪಂಪ್ ಮತ್ತು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಎರಡನ್ನೂ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?

ಉತ್ತರ: ಈಗಲೇ ಬೇಡ. ಪಂಪ್ ಕೆಟ್ಟಿರಲಾರದು ಎಂದು ನಾನು ಇಲ್ಲಿ ಕುಳಿತು ಪ್ರಮಾಣ ಮಾಡಲಾರೆ. ಆದರೆ ನೀವು ಬರೆದಿರುವ ಲಕ್ಷಣಗಳು ಪಂಪಿನ ಕಡೆಗೆ ಬೆರಳು ತೋರಿಸುತ್ತಿಲ್ಲ. ಸೆಲ್ಫ್ ಚುರುಕಾಗಿದೆ, ಬಿಳಿ ಹೊಗೆ ಬರುತ್ತಿದೆ, ಬಿಸಿಯಾದ ಮೇಲೆ ತೊಂದರೆಯೇ ಇಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿದೆ, ಹೊತ್ತಿಕೊಳ್ಳಲು ಬೇಕಾದ ಕಾವು ಸಿಗುತ್ತಿಲ್ಲ ಎಂದಾಗುತ್ತದೆ. ಆ ಕಾವು ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕುವುದಕ್ಕೆ ಮೊದಲ ದಿನ ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್ ಮತ್ತು ತಾಳ್ಮೆ ಸಾಕು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು ಹದಿನೇಳು ಪಾಲು ಕುಗ್ಗಿಸುತ್ತದೆ. ಹಾಗೆ ಕುಗ್ಗಿದ ಗಾಳಿ ಬಿಸಿ ಎಂಜಿನ್ನಿನಲ್ಲಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆ ಒಳಗೆ ಬರುವ ಗಾಳಿಯೇ ತಣ್ಣಗಿರುತ್ತದೆ. ಕುಗ್ಗಿ ಹುಟ್ಟಿದ ಬಿಸಿಯನ್ನು ಸಿಲಿಂಡರಿನ ಗೋಡೆ, ಪಿಸ್ಟನ್, ಹೆಡ್ ಎಲ್ಲವೂ ಹೀರಿಕೊಳ್ಳುತ್ತವೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಹೀಗೆ ಹೀರಲು ಹೆಚ್ಚು ಹೊತ್ತು ಸಿಗುತ್ತದೆ, ಪಿಸ್ಟನ್ ರಿಂಗಿನ ಸಂದಿನಿಂದ ಗಾಳಿ ಸೋರಲೂ ಹೆಚ್ಚು ಹೊತ್ತು ಸಿಗುತ್ತದೆ. ಎಂಜಿನ್ ತಿರುಗುವ ವೇಗ, ಸರಿಯಾದ ಕ್ಷಣಕ್ಕೆ ಬರುವ ಡೀಸೆಲ್, ಸಿಲಿಂಡರಿನೊಳಗಿನ ಕಾವು, ಈ ಮೂರರಲ್ಲಿ ಒಂದು ಸ್ವಲ್ಪ ಕುಂದಿದ್ದರೂ ಬಿಸಿ ದಿನಗಳಲ್ಲಿ ಅದು ಗೊತ್ತಾಗುವುದೇ ಇಲ್ಲ. ಚಳಿ ಬಂದಾಗ ಹೊರಬೀಳುತ್ತದೆ. ನಿಮ್ಮ ಲಾರಿಯ ದೋಷ ಚಳಿಗಾಲದಲ್ಲಿ ಹುಟ್ಟಿದ್ದಲ್ಲ, ಬಹುಶಃ ಬೇಸಿಗೆಯಿಂದಲೇ ಇತ್ತು.

ಪರೀಕ್ಷೆಗೆ ಒಂದೇ ಒಂದು ನಿಯಮವಿದೆ. ಲಾರಿ ರಾತ್ರಿಯಿಡೀ ನಿಂತು ತಣ್ಣಗಾಗಿರಬೇಕು. ಮಧ್ಯಾಹ್ನ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ನಿಲ್ಲಿಸಿದರೆ ಮೆಕ್ಯಾನಿಕ್‌ಗೆ ಕಾಣುವುದು ಆರೋಗ್ಯವಂತ ಎಂಜಿನ್. ಆಗ ಅವರು ಊಹೆಯ ಮೇಲೆ ಭಾಗಗಳನ್ನು ಬದಲಾಯಿಸಬೇಕಾಗುತ್ತದೆ. ಅದು ಅವರ ತಪ್ಪಲ್ಲ, ನೋಡಬೇಕಾದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಸಾಧ್ಯವಾದರೆ ಸಂಜೆಯೇ ಲಾರಿಯನ್ನು ಅಲ್ಲಿ ಬಿಟ್ಟು ಬನ್ನಿ. ಇಲ್ಲವಾದರೆ ಬೆಳಗಿನ ಮೊದಲ ಪ್ರಯತ್ನವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಸೆಲ್ಫಿನ ಸದ್ದು ಕೇಳುವಂತೆ, ಸೈಲೆನ್ಸರಿನ ಬಾಯಿ ಕಾಣುವಂತೆ.

ಆ ಮೊದಲ ಪ್ರಯತ್ನದಲ್ಲಿ ನೀವು ಗಮನಿಸಬೇಕಾದ್ದು ಸೆಲ್ಫ್ ಹೊಡೆದ ಕ್ಷಣಕ್ಕೂ ಮೊದಲ ಹೊಗೆ ಕಾಣಿಸಿದ ಕ್ಷಣಕ್ಕೂ ನಡುವಿನ ಅಂತರ. ಒಂದೆರಡು ಸೆಕೆಂಡಿನಲ್ಲೇ ಬಿಳಿ ಹೊಗೆ ಬಂದರೆ ಡೀಸೆಲ್ ತಡವಿಲ್ಲದೆ ಬರುತ್ತಿದೆ, ಸುಡದೆ ಆವಿಯಾಗಿ ಹೊರಗೆ ಹೋಗುತ್ತಿದೆ. ಎಂಟು ಹತ್ತು ಸೆಕೆಂಡು ಏನೂ ಇಲ್ಲದೆ ಆಮೇಲೆ ಹೊಗೆ ಶುರುವಾದರೆ ಡೀಸೆಲ್ ತಡವಾಗಿ ತಲುಪುತ್ತಿದೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಬರುತ್ತಲೇ ಇಲ್ಲ. ಮೂರಕ್ಕೂ ಹಿಡಿಯಬೇಕಾದ ದಾರಿ ಬೇರೆ ಬೇರೆ. ಹೊಗೆಯ ವಾಸನೆಯನ್ನೂ ನೋಡಿ. ಸುಡದ ಡೀಸೆಲ್ ಕಣ್ಣು ಉರಿಸುತ್ತದೆ, ಮೂಗಿಗೆ ಅಡರುತ್ತದೆ. ಸಿಹಿಯಾದ ವಾಸನೆಯಿದ್ದು, ರೇಡಿಯೇಟರಿನಲ್ಲಿ ಕೂಲಂಟ್ ದಿನೇ ದಿನೇ ಇಳಿಯುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ ವಿಚಾರ. ಈ ಉತ್ತರ ಅದಕ್ಕೆ ಹೊಂದುವುದಿಲ್ಲ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಎಂದಿದ್ದೀರಿ. ಕಿವಿಗೆ ಹಾಗೆ ಕೇಳಿಸಿದರೂ ಒಮ್ಮೆ ಅಳೆದು ಖಚಿತಪಡಿಸಿಕೊಳ್ಳಿ, ಇದು ಐದು ನಿಮಿಷದ ಕೆಲಸ. ರಾತ್ರಿ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ, 12.2 ಇದ್ದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. 24 ವೋಲ್ಟಿನ ಲಾರಿಯಾದರೆ ಇವನ್ನು ಇಮ್ಮಡಿ ಮಾಡಿಕೊಳ್ಳಿ, ಎರಡು ಬ್ಯಾಟರಿಗಳನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಒಂದು ದುರ್ಬಲವಾಗಿದ್ದರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಲೆಡ್ ಆಸಿಡ್ ಬ್ಯಾಟರಿ ತನ್ನ ತಾಕತ್ತಿನ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಹೆಚ್ಚು ತಾಕತ್ತು ಕೇಳುತ್ತದೆ. ಬ್ಯಾಟರಿ ಹೊಸದಾಗಿದ್ದೂ ವೋಲ್ಟೇಜ್ ಕುಸಿದರೆ ಅರ್ಥ್ ಕೇಬಲ್ ನೋಡಿ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಶುದ್ಧ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಜೋಡಣೆಯಲ್ಲಿ ತುಕ್ಕು ಕುಳಿತಿದೆ ಎಂದು ತಿಳಿಯಿರಿ. ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಿ.

ಈಗ ನಿಮ್ಮ ಲಾರಿಯಲ್ಲಿ ನನಗೆ ಹೆಚ್ಚು ಅನುಮಾನವಿರುವ ಜಾಗಕ್ಕೆ ಬರುತ್ತೇನೆ. ಹೀಟರ್ ಪ್ಲಗ್. ಗ್ಲೋ ಪ್ಲಗ್ ಎಂದೂ ಕರೆಯುತ್ತಾರೆ. ಪ್ರತಿ ಸಿಲಿಂಡರಿಗೆ ಒಂದರಂತೆ ನಾಲ್ಕು ಇರುತ್ತವೆ, ಪೆನ್ಸಿಲಿನಷ್ಟು ದಪ್ಪ, ತುದಿ ಕೆಂಪಗೆ ಕಾದು ಸಿಲಿಂಡರಿನೊಳಗೆ ಒಂದು ಬಿಸಿಯ ಬಿಂದುವನ್ನು ಒದಗಿಸುತ್ತದೆ. ದೊಡ್ಡ ಎಂಜಿನ್ನುಗಳಲ್ಲಿ ಇದರ ಬದಲು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿಯನ್ನೇ ಕಾಯಿಸುವ ಹೀಟರ್ ಜಾಲರಿ ಇರುತ್ತದೆ. ನಾಲ್ಕರಲ್ಲಿ ಒಂದು ಪ್ಲಗ್ ಸುಟ್ಟರೆ ಎಂಜಿನ್ ಮಿಸ್ ಹೊಡೆದಾದರೂ ಹಿಡಿಯುತ್ತದೆ. ಎರಡು ಮೂರು ಸತ್ತರೆ ನೀವು ಬರೆದಂತೆಯೇ ಆಗುತ್ತದೆ. ಹಲವು ಪ್ರಯತ್ನಗಳಲ್ಲಿ ಕುಗ್ಗುವ ಗಾಳಿಯೇ ಸಿಲಿಂಡರನ್ನು ಸ್ವಲ್ಪ ಸ್ವಲ್ಪ ಬೆಚ್ಚಗಾಗಿಸುತ್ತದೆ, ಒಂದು ಸಿಲಿಂಡರ್ ಹಿಡಿಯುತ್ತದೆ, ಅದು ಉಳಿದವನ್ನು ಎಳೆಯುತ್ತದೆ, ಎರಡು ನಿಮಿಷದಲ್ಲಿ ಎಲ್ಲವೂ ಸೇರಿಕೊಳ್ಳುತ್ತವೆ.

ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ದೀಪ ಹೊತ್ತಿ ಆರುವುದನ್ನು ನೋಡಿ ಪ್ಲಗ್ ಸರಿಯಾಗಿವೆ ಎಂದುಕೊಳ್ಳಬೇಡಿ. ಬಹಳ ಲಾರಿಗಳಲ್ಲಿ ಆ ದೀಪ ಟೈಮರಿನ ಲೆಕ್ಕದಲ್ಲಿ ಉರಿಯುತ್ತದೆ, ಪ್ಲಗ್ ಕಾದಿದೆಯೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಪರೀಕ್ಷೆ ಹೀಗೆ ಮಾಡಿ. ನಾಲ್ಕು ಪ್ಲಗ್‌ಗಳ ತಲೆಯ ಮೇಲಿನ ವೈರ್ ಅಥವಾ ಅವನ್ನು ಸೇರಿಸಿರುವ ಲೋಹದ ಪಟ್ಟಿಯನ್ನು ಬಿಚ್ಚಿ, ಪ್ರತಿ ಪ್ಲಗ್ ಪ್ರತ್ಯೇಕವಾಗಿರಲಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್‌ಗೆ ಸಿಕ್ಕಿಸಿ, ಮೊನೆಯನ್ನು ಒಂದೊಂದೇ ಪ್ಲಗ್‌ನ ತಲೆಗೆ ತಾಗಿಸಿ. ಬಲ್ಬ್ ಉರಿದರೆ ಒಳಗಿನ ತಂತಿ ಕಡಿದಿಲ್ಲ, ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ಅಳೆದರೆ ಒಳ್ಳೆಯ ಪ್ಲಗ್ ಸಾಮಾನ್ಯವಾಗಿ ಎರಡು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಮುಖ್ಯವಾದದ್ದು ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ಎಚ್ಚರಿಕೆ. ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದು ಪ್ಲಗ್ ಕೆಂಪಾಗುವುದನ್ನು ನೋಡುವ ಹಳೆಯ ರೂಢಿ ಹೊಸ ಎಂಜಿನ್ನುಗಳಿಗೆ ಹೊಂದುವುದಿಲ್ಲ. ಈಗಿನ ಹಲವು ಪ್ಲಗ್‌ಗಳು ಕಡಿಮೆ ವೋಲ್ಟೇಜಿಗೆ ಮಾಡಿದವು, ನೇರ 12 ವೋಲ್ಟ್ ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಪ್ಲಗ್‌ಗಳೆಲ್ಲ ಸರಿಯಿದ್ದರೆ ಕರೆಂಟ್ ಅವಕ್ಕೆ ಬರುತ್ತಿದೆಯೇ ನೋಡಬೇಕು. ಎಂಜಿನ್ ತಣ್ಣಗಿರುವಾಗ ಬಿಚ್ಚಿದ ವೈರನ್ನು ಮತ್ತೆ ಜೋಡಿಸಿ, ಕೀಲಿ ಆನ್ ಮಾಡಿಸಿ, ಪ್ಲಗ್‌ನ ತಲೆಯಲ್ಲಿ ವೋಲ್ಟೇಜ್ ಅಳೆಯಿರಿ. ಏನೂ ಇಲ್ಲದಿದ್ದರೆ ರಿಲೇ, ಅದರ ದಪ್ಪ ಫ್ಯೂಸ್ ಅಥವಾ ಕಂಟ್ರೋಲ್ ಯೂನಿಟ್ ಕಡೆ ಹೋಗಿ. ಫ್ಯೂಸ್ ಸುಟ್ಟಿರುವುದು ಬಹಳ ಸಾಮಾನ್ಯ.

ಪ್ಲಗ್ ಬದಲಾಯಿಸಬೇಕಾಗಿ ಬಂದರೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಬಿಚ್ಚುವುದನ್ನು ಮಾತ್ರ ಎಂಜಿನ್ ಬೆಚ್ಚಗಿರುವಾಗ ಮಾಡಿಸಿ. ಎಂಟು ವರ್ಷ ಕಾರ್ಬನ್ ಕಚ್ಚಿಕೊಂಡು ಕುಳಿತ ಪ್ಲಗ್ ಅವಸರಕ್ಕೆ ಬಗ್ಗುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ಪ್ಯಾನರನ್ನು ಸ್ವಲ್ಪ ಸಡಿಲಿಸಿ ಸ್ವಲ್ಪ ಬಿಗಿಸಿ, ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಉದ್ದ ಹಿಡಿಕೆ ಹಾಕಿ ಎಳೆದರೆ ಪ್ಲಗ್ ಮುರಿದು ಹೆಡ್ಡಿನಲ್ಲಿ ಉಳಿಯುತ್ತದೆ, ಆಗ ಹೆಡ್ ಕೆಳಗಿಳಿಸಬೇಕಾಗಿ ಬರಬಹುದು. ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ಮುಜುಗರವಿಲ್ಲದೆ ಹೇಳಿ.

ಇನ್ನೊಂದು ಕಡೆ ಯಾರೂ ಬೇಗ ಗಮನ ಕೊಡುವುದಿಲ್ಲ. ಕೂಲಂಟ್ ಟೆಂಪರೇಚರ್ ಸೆನ್ಸರ್. ಹೀಟರ್ ಎಷ್ಟು ಹೊತ್ತು ಕಾಯಬೇಕು, ಎಷ್ಟು ಡೀಸೆಲ್ ಕೊಡಬೇಕು, ಯಾವಾಗ ಸಿಂಪಡಿಸಬೇಕು ಎಂದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ತೀರ್ಮಾನಿಸುವುದು ಅದರ ಮಾತು ಕೇಳಿ. ಎಂಜಿನ್ ಸೊನ್ನೆ ಡಿಗ್ರಿಯಲ್ಲಿರುವಾಗ ಸೆನ್ಸರ್ 50 ಡಿಗ್ರಿ ಎಂದು ಸುಳ್ಳು ಹೇಳಿದರೆ ಇಸಿಯು ಹೀಟರನ್ನು ಆನ್ ಮಾಡುವುದೇ ಇಲ್ಲ, ಪ್ಲಗ್ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಿ ಕೂಲಂಟ್, ಒಳಬರುವ ಗಾಳಿ ಮತ್ತು ಡೀಸೆಲ್, ಈ ಮೂರರ ಉಷ್ಣತೆ ಓದಿ. ರಾತ್ರಿಯೆಲ್ಲ ನಿಂತ ಲಾರಿಯಲ್ಲಿ ಮೂರೂ ಕೆಲವೇ ಡಿಗ್ರಿಯ ಅಂತರದಲ್ಲಿ ಇರಬೇಕು. ಒಂದು ಮಾತ್ರ ಬೇರೆ ರಾಗ ಹಾಡುತ್ತಿದ್ದರೆ ಅದೇ ಸುಳ್ಳುಗಾರ. ದೋಷದ ಕೋಡ್ ಯಾವುದೂ ಇಲ್ಲದಿದ್ದರೂ ಈ ಸುಳ್ಳು ಇರಬಹುದು, ಆದ್ದರಿಂದ ಕೋಡ್ ಇಲ್ಲ ಎಂಬ ಉತ್ತರಕ್ಕೆ ಸಮಾಧಾನಪಟ್ಟುಕೊಳ್ಳಬೇಡಿ.

ನಿಮ್ಮ ಲಾರಿಯಲ್ಲಿ ಹೊಗೆ ತಡವಾಗಿ ಬರುತ್ತಿದ್ದರೆ ಮೇಲಿನದ್ದನ್ನು ಪಕ್ಕಕ್ಕಿಟ್ಟು ಡೀಸೆಲ್ ಲೈನನ್ನು ನೋಡಿ. ನೀವು ಇತ್ತೀಚೆಗೆ ಫಿಲ್ಟರ್ ಬದಲಾಯಿಸಿದ್ದೀರಿ, ಹಾಗಾಗಿ ಈ ಅನುಮಾನವನ್ನು ಹಗುರವಾಗಿ ಬಿಡುವಂತಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಲೈನಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಅಲ್ಲಿ ವಾಷರ್ ಕಚ್ಚಿಕೊಂಡಿಲ್ಲದಿದ್ದರೆ, ರಬ್ಬರ್ ರಿಂಗ್ ಚಳಿಗೆ ಗಡಸಾಗಿದ್ದರೆ, ಡೀಸೆಲ್ ಹೊರಗೆ ತೊಟ್ಟಿಕ್ಕದೆಯೇ ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತದೆ, ಬೆಳಿಗ್ಗೆ ಪಂಪ್ ಗಾಳಿಯನ್ನು ಎಳೆಯುತ್ತದೆ. ಕೆಳಗೆ ಒದ್ದೆ ಕಾಣುತ್ತಿಲ್ಲ, ಹಾಗಾಗಿ ಲೀಕ್ ಇಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಇದಕ್ಕೆ ಪರೀಕ್ಷೆ ಬಹಳ ಸರಳ. ಬೆಳಿಗ್ಗೆ ಕೀಲಿ ಮುಟ್ಟುವ ಮೊದಲು ಫಿಲ್ಟರಿನ ಮೇಲಿರುವ ಹ್ಯಾಂಡ್ ಪ್ರೈಮರನ್ನು ಒತ್ತಿ. ಒಂದೆರಡು ಸಲಕ್ಕೇ ಗಟ್ಟಿಯಾದರೆ ಲೈನ್ ತುಂಬಿದೆ. ಹತ್ತು ಹದಿನೈದು ಸಲ ಮೆತ್ತಗೆ ಒಳಗೆ ಹೋಗಿ ಆಮೇಲೆ ಗಟ್ಟಿಯಾಗಿ, ಲಾರಿಯೂ ಆ ದಿನ ಸಲೀಸಾಗಿ ಸ್ಟಾರ್ಟ್ ಆದರೆ, ಹುಡುಕಾಟ ಮುಗಿಯಿತು. ಉಳಿದದ್ದು ಗಾಳಿ ನುಗ್ಗುವ ಜಾಗ ಪತ್ತೆ ಮಾಡುವುದು. ಪಂಪಿನ ಒಳಬಾಯಿಯ ಹತ್ತಿರ ಪಾರದರ್ಶಕ ಪೈಪಿನ ತುಂಡು ಹಾಕಿ ಗುಳ್ಳೆ ನೋಡಿ. ಒಂದು ರಾತ್ರಿ ಲಾರಿಯ ಮೂತಿ ಇಳಿಜಾರಿಗೆ, ಇನ್ನೊಂದು ರಾತ್ರಿ ಏರಿಗೆ ಇಟ್ಟು ನಿಲ್ಲಿಸಿ. ಎಂಜಿನ್ ಮೇಲಿದ್ದ ಬೆಳಿಗ್ಗೆ ಮಾತ್ರ ತೊಂದರೆ ಹೆಚ್ಚಿದರೆ ಅದು ಡೀಸೆಲ್ ಹಿಂದಕ್ಕೆ ಇಳಿಯುತ್ತಿರುವುದಕ್ಕೆ ಒಳ್ಳೆಯ ಸಾಕ್ಷಿ.

ಲೈನ್ ತುಂಬಿದ್ದೂ ಹೊಗೆ ತಡವಾದರೆ, ಆಗ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳುತ್ತಿರುವ ಇಂಜೆಕ್ಟರ್ ಮತ್ತು ಪಂಪಿನ ಸರದಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ರೈಲಿನ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆಯ, ಒತ್ತಡ ಒಂದು ಮಟ್ಟ ಮುಟ್ಟುವವರೆಗೆ, ಸಾಮಾನ್ಯವಾಗಿ 200ರಿಂದ 300 ಬಾರ್, ಇಸಿಯು ಇಂಜೆಕ್ಟರನ್ನು ತೆರೆಯುವುದಿಲ್ಲ. ಸೆಲ್ಫ್ ಹೊಡೆಯುವಾಗ ಈ ಒತ್ತಡ ಎಷ್ಟು ಬೇಗ ಏರುತ್ತದೆ ಎಂದು ಸ್ಕ್ಯಾನರಿನಲ್ಲಿ ನೋಡಿ. ನಿಧಾನವಾಗಿ ಏರಿದರೆ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಬೇರೆ ಬೇರೆ ಬಾಟಲಿಗೆ ಬಿಟ್ಟು ಅಳೆಯಲು ಹೇಳಿ. ಒಂದು ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬಿದರೆ ಆ ಒಂದು ಇಂಜೆಕ್ಟರ್ ಸವೆದಿದೆ. ನಾಲ್ಕನ್ನೂ ಬಿಚ್ಚದೆ ಒಂದನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಹಳೆಯ ಎಂಜಿನ್ನುಗಳಲ್ಲಿ ಮಾಡುತ್ತಿದ್ದಂತೆ ಹೈಪ್ರೆಶರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯಲು ಯಾರಿಗೂ ಬಿಡಬೇಡಿ. ಓಡುವ ಎಂಜಿನ್ನಿನ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಸಣ್ಣ ಚಿಮ್ಮು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಮೇಲೆ ಚುಕ್ಕೆಯಷ್ಟೇ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಹಾಗೆ ತಗುಲಿದರೆ ನೋವಿಲ್ಲ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹೀಟರ್ ಸರಿ, ಸೆನ್ಸರ್ ಸರಿ, ಲೈನ್ ಸರಿ, ಆದರೂ ಬಿಳಿ ಹೊಗೆ ತಕ್ಷಣ ಬಂದು ಎಂಜಿನ್ ಹಿಡಿಯದಿದ್ದರೆ ಉಳಿಯುವುದು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಕುಗ್ಗಿಸಿ ಹುಟ್ಟಿಸುವ ಒತ್ತಡ. ಸೆಲ್ಫಿನ ಲಯವನ್ನು ಕಿವಿಗೊಟ್ಟು ಕೇಳಿ. ನಾಲ್ಕೂ ಸಿಲಿಂಡರ್ ಸಮವಾಗಿದ್ದರೆ ತಾಳ ತಪ್ಪುವುದಿಲ್ಲ. ಒಂದು ದುರ್ಬಲವಾಗಿದ್ದರೆ ನಾಲ್ಕನೆಯ ಹೆಜ್ಜೆಗೊಮ್ಮೆ ಸೆಲ್ಫ್ ಹಗುರಾಗಿ ಓಡಿದಂತೆ ಕೇಳುತ್ತದೆ. ಪ್ಲಗ್ ಬಿಚ್ಚಿದಾಗಲೇ ಅದೇ ತೂತಿನಲ್ಲಿ ಗೇಜ್ ಹಾಕಿಸಿ ಅಳೆಯಿಸಿಬಿಡಿ, ಎರಡನೆಯ ಸಲ ಬಿಚ್ಚುವ ಶ್ರಮ ಉಳಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 20ರಿಂದ 30 ಬಾರ್ ಸಿಗುತ್ತದೆ, ನಿಖರ ಅಂಕಿ ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಕಡಿಮೆ ಬಂದರೆ ಎದೆಗುಂದಬೇಡಿ, ಮೊದಲು ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿನ ಮೇಲೆ ಬಿಡುವ ಸಂದು, ಪರೀಕ್ಷಿಸಿ. ಸಂದು ತೀರಾ ಕಡಿಮೆಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಗಾಳಿ ಅಲ್ಲೇ ಸೋರುತ್ತದೆ. ಫೀಲರ್ ಗೇಜಿನಲ್ಲಿ ಒಂದು ಬೆಳಿಗ್ಗೆ ಮುಗಿಯುವ ಕೆಲಸಕ್ಕೆ ಎಂಜಿನ್ ಓವರ್‌ಹಾಲ್ ಮಾಡಿಸಬಾರದು. ಟ್ಯಾಪೆಟ್ ಸರಿಯಿದ್ದು, ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ದಬ್ಬಿಕೊಂಡು ಬರುತ್ತಿದ್ದರೆ ರಿಂಗ್ ಮತ್ತು ಲೈನರ್ ಸವೆದಿವೆ.

ಡೀಸೆಲ್ ಮಂಜುಗಡ್ಡೆಯಂತೆ ಗಟ್ಟಿಯಾಗುವುದು ಬೇರೆಯೇ ಕಾಯಿಲೆ. ತೀವ್ರ ಚಳಿಯಲ್ಲಿ ಡೀಸೆಲಿನೊಳಗಿನ ಮೇಣ ಹರಳಾಗಿ ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಆಗ ಲಾರಿ ಸ್ಟಾರ್ಟ್ ಆಗಿ, ಸ್ವಲ್ಪ ಓಡಿ, ಶಕ್ತಿ ಕುಂದಿ ನಿಲ್ಲುತ್ತದೆ. ನಿಮ್ಮದು ಸ್ಟಾರ್ಟ್ ಆದ ಮೇಲೆ ದಿನವಿಡೀ ಓಡುತ್ತಿದೆ, ಹಾಗಾಗಿ ಇದಲ್ಲ. ಆದರೂ ಚಳಿ ಇನ್ನೂ ಇಳಿಯುವ ಊರಿನಲ್ಲಿದ್ದರೆ ಚಳಿಗಾಲದ ಡೀಸೆಲನ್ನೇ ತುಂಬಿಸಿ, ಫಿಲ್ಟರಿನ ತಳದ ನೀರನ್ನು ಆಗಾಗ ಬಿಡಿ. ಮೇಣ ತಡೆಯುವ ದ್ರಾವಣವನ್ನು ಡೀಸೆಲ್ ಕದಡುವ ಮೊದಲೇ ಬೆರೆಸಬೇಕು, ಗಟ್ಟಿಯಾದ ಮೇಲೆ ಸುರಿದರೆ ಉಪಯೋಗವಿಲ್ಲ. ಸೀಮೆಎಣ್ಣೆ ಬೆರೆಸುವ ಸಲಹೆ ಹಳೆಯ ಎಂಜಿನ್ನುಗಳ ಕಾಲದ್ದು. ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಲೂಬ್ರಿಕೇಶನ್, ಅದನ್ನು ತೆಳುವಾಗಿಸಿದರೆ ಪಂಪ್ ಸವೆಯುತ್ತದೆ.

ಎಂಜಿನ್ ಆಯಿಲಿನ ಡಬ್ಬಿ ಮೇಲಿನ ಅಂಕಿಯನ್ನೂ ಒಮ್ಮೆ ನೋಡಿ. ಡಬ್ಲ್ಯೂ ಅಕ್ಷರದ ಮುಂಚಿನ ಸಂಖ್ಯೆ ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯೂ ಆಯಿಲನ್ನು ಸ್ಟಾರ್ಟಿಂಗ್‌ಗಾಗಿ ಪರೀಕ್ಷಿಸುವುದು ಮೈನಸ್ 20 ಡಿಗ್ರಿಯಲ್ಲಿ, 10ಡಬ್ಲ್ಯೂವನ್ನು ಮೈನಸ್ 25ರಲ್ಲಿ, 5ಡಬ್ಲ್ಯೂವನ್ನು ಮೈನಸ್ 30ರಲ್ಲಿ. ಕಂಪನಿ ಒಪ್ಪುವ ದರ್ಜೆಯೊಳಗೆ ಇಳಿಸಿಕೊಂಡರೆ ಸೆಲ್ಫ್ ಹಗುರಾಗುತ್ತದೆ.

ಈ ಮಧ್ಯೆ ಎಂಜಿನ್ ಬೇಗ ಹೊತ್ತಿಸಲು ಗಾಳಿಯ ದಾರಿಗೆ ಊದುವ ಈಥರ್ ಸ್ಪ್ರೇಯನ್ನು ಯಾರಾದರೂ ತಂದುಕೊಟ್ಟರೆ ದಯವಿಟ್ಟು ಬಳಸಬೇಡಿ. ಕಾದ ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಅದನ್ನು ಊದಿದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸ್ಫೋಟಿಸಿ ರಿಂಗ್ ಮುರಿಯಬಹುದು, ಪಿಸ್ಟನ್ ಸೀಳಬಹುದು. ಜಾಲರಿ ಹೀಟರ್ ಇದ್ದರೆ ಇನ್‌ಟೇಕ್ ಮ್ಯಾನಿಫೋಲ್ಡೇ ಸಿಡಿಯಬಹುದು. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನಂತೂ ಕನಸಿನಲ್ಲೂ ಯೋಚಿಸಬೇಡಿ. ಫಿಲ್ಟರ್ ಬೆಚ್ಚಗಾಗಬೇಕಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ. ಇನ್ನೊಂದು ಲಾರಿಗೆ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಿಸುವುದೂ ಬೇಡ, ಸುಡದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತದೆ, ಸೈಲೆನ್ಸರಿನ ಫಿಲ್ಟರಿನಲ್ಲಿ ಸೇರಿಕೊಳ್ಳುತ್ತದೆ.

ದುರಸ್ತಿ ಆಗುವವರೆಗೆ ಹೀಗೆ ಸ್ಟಾರ್ಟ್ ಮಾಡಿ. ಹೆಡ್‌ಲೈಟ್, ಫ್ಯಾನ್ ಎಲ್ಲ ಆಫ್ ಇರಲಿ. ಕೀಲಿ ಆನ್ ಮಾಡಿ ಹೀಟರ್ ದೀಪ ಆರಿದ ಮೇಲೂ ಐದಾರು ಸೆಕೆಂಡು ಕಾಯಿರಿ, ಕೀಲಿ ತಿರುಗಿಸಿ ಆಫ್ ಮಾಡಿ, ಮತ್ತೊಮ್ಮೆ ಆನ್ ಮಾಡಿ ಕಾಯಿರಿ. ಒಂದು ಪ್ಲಗ್ ಉಳಿದಿದ್ದರೂ ಅದಕ್ಕೆ ಎರಡು ಸುತ್ತಿನ ಬಿಸಿ ಸಿಗುತ್ತದೆ. ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ, ಗೇರ್‌ಬಾಕ್ಸಿನ ಗಟ್ಟಿಯಾದ ಎಣ್ಣೆಯನ್ನು ಸೆಲ್ಫ್ ಕಲಕಬೇಕಾಗುವುದಿಲ್ಲ. ಎಕ್ಸಲರೇಟರ್ ಮುಟ್ಟಬೇಡಿ, ಎಷ್ಟು ಡೀಸೆಲ್ ಬೇಕು ಎಂಬ ಲೆಕ್ಕ ಇಸಿಯುಗೆ ಬಿಡಿ. ಒಂದು ಪ್ರಯತ್ನ 15 ಸೆಕೆಂಡಿಗೆ ಮೀರದಿರಲಿ, ಹಿಡಿಯದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೆ ಹೀಟರಿನಿಂದಲೇ ಶುರು ಮಾಡಿ. ನಿಲ್ಲಿಸುವ ಜಾಗದಲ್ಲಿ ವಿದ್ಯುತ್ ಸಂಪರ್ಕವಿದ್ದರೆ ಎಂಜಿನ್ನನ್ನು ಬೆಚ್ಚಗಾಗಿಸುವ ಬ್ಲಾಕ್ ಹೀಟರ್ ಹಾಕಿಸಿಕೊಳ್ಳಬಹುದು. ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲು ಆನ್ ಮಾಡಿದರೆ ಸಾಕು, ಇಡೀ ರಾತ್ರಿ ಉರಿಸಬೇಕಿಲ್ಲ.